ಇವತ್ತಿನ ಆಫೀಸು

ಮಾವ ಸತ್ತದ್ದು ಗೇಟಿನೊಳಗೆ. ಹೆಣ ಸಿಕ್ಕಿದ್ದು ಗೇಟಿನಾಚೆ, ನಮ್ಮ ಕೇರಿಯ ಹಿಂದಿನ ಕಾಲುವೆಯ ದಂಡೆಯಲ್ಲಿ. ನಡುವಿನ ಇನ್ನೂರು ಹೆಜ್ಜೆಯನ್ನು ಅವನು ನಡೆದಿರಲಿಲ್ಲ.

ಗೇಟು ಅಂದರೆ ಹನ್ನೆರಡು ಮಹಡಿಯ ನಾಲ್ಕು ಕಟ್ಟಡ, ಒಂದು ಈಜುಕೊಳ, ಸುತ್ತ ಗಾಜಿನ ಚೂರು ನೆಟ್ಟ ಗೋಡೆ. ಅದಕ್ಕೆ ಚೆಂದದ ಹೆಸರೊಂದಿದೆ, ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ನಮ್ಮ ಬಾಯಲ್ಲಿ ಮಾತ್ರ ಅದು ಗೇಟು. ಕೇರಿಯ ಅರ್ಧ ಹೆಂಗಸರು ಅಲ್ಲಿ ಕಸ ಗುಡಿಸುತ್ತಾರೆ, ಪಾಯಿಖಾನೆ ತಿಕ್ಕುತ್ತಾರೆ. ಅತ್ತೆಯೂ ಅಲ್ಲೇ, ಮೂರನೇ ಕಟ್ಟಡದ ಮೆಟ್ಟಿಲು. ಗಂಡಸರು ಅಲ್ಲಿಗೆ ಹೋಗುವುದು ಗುಂಡಿಯೋ ಮೋರಿಯೋ ಕಟ್ಟಿಕೊಂಡಾಗ.

ಮಂಗಳವಾರ ಬೆಳಗ್ಗೆ ಮಾವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, 'ಅವ್ವಾ, ಇವತ್ತು ಹತ್ರದಲ್ಲೇ. ಮಧ್ಯಾಹ್ನ ಊಟಕ್ಕೆ ಬರ್ತೀನಿ' ಅಂದು ಹೋದ. ಮಧ್ಯಾಹ್ನವೇ ಬಂದ. ನಾಲ್ಕು ಜನ ಹೊತ್ತುಕೊಂಡು ಬಂದರು.

ಅಜ್ಜಿ ಅಳಲಿಲ್ಲ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನ ತುದಿಯಿಂದ ಕಿವಿ ಒರೆಸಿದಳು. ಬೆರಳಿಗೆ ಏನೋ ಹತ್ತಿತು. ಮೂಸಿ ನೋಡಿದಳು.

'ಸೋಪು' ಅಂದಳು. 'ಕುಡಿದು ಕಾಲುವೆಗೆ ಬಿದ್ದ ಅಂತಾರೆ. ಕಾಲುವೆಗೆ ಬಿದ್ದವನ ಕಿವೀಲಿ ಸೋಪು ಯಾಕೆ ಬರುತ್ತೆ?'

ಅಜ್ಜಿ ಅವನ ಕೈಯೆತ್ತಿ ಎಲ್ಲರಿಗೂ ತೋರಿಸಿದಳು. ಮೈಯನ್ನು ಪೈಪಿಟ್ಟು ತೊಳೆದಿದ್ದರು. ಉಗುರಿನೊಳಗಿನದು ಹೋಗಿರಲಿಲ್ಲ.

ಅವ್ವ ನನ್ನನ್ನು ಹೆತ್ತು ಹೋದಳು. ಸಾಕಿದ್ದು ಅಜ್ಜಿ ಮತ್ತು ಮಾವ. ಅಜ್ಜಿ ಕಥೆ ಹೇಳಿದಳು, ಮಾವ ಗುಂಡಿಗೆ ಇಳಿದ. ಮೈಗೆ ಎಣ್ಣೆ ಬಳಿದುಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕಣ್ಣು ಮುಚ್ಚಿ, ಬೇರೆಯವರ ಹೊಟ್ಟೆಯಿಂದ ಇಳಿದದ್ದರೊಳಗೆ ಕುತ್ತಿಗೆಯ ತನಕ. ಮನೆಗೆ ಬಂದು ಏಳು ಸಲ ಕೈ ತೊಳೆಯುತ್ತಿದ್ದ. ಆಮೇಲೂ ಚಮಚದಲ್ಲೇ ಉಣ್ಣುತ್ತಿದ್ದ. ತನ್ನ ಕೈಯ ಮೇಲೆ ತನಗೇ ನಂಬಿಕೆಯಿರಲಿಲ್ಲ. ಕುಡಿಯುತ್ತಿದ್ದ, ಇಲ್ಲ ಅನ್ನುವುದಿಲ್ಲ. ಆದರೆ ಮೇಲೆ ಬಂದ ಮೇಲೆ. 'ಕುಡಿದು ಇಳಿದ್ರೆ ಏಣಿ ಎರಡಾಗಿ ಕಾಣುತ್ತೆ ಕಣೇ, ಇಲ್ಲದ ಏಣಿ ಮೇಲೆ ಕಾಲಿಟ್ಟರೆ ಮುಗೀತು' ಅನ್ನುತ್ತಿದ್ದ. ನಾನು ಕಂಪ್ಯೂಟರಿನ ಕೀಲಿ ಒತ್ತುವವಳಾಗಲಿ ಅಂತ ಅವನು ಹನ್ನೊಂದು ವರ್ಷ ಇಳಿದ.

ಅವನಿಗೊಂದು ಹುಚ್ಚು ಇತ್ತು. ಇಳಿಯುವ ಮೊದಲು ಮುಚ್ಚಳದ ಪಕ್ಕ ನಿಂತು ಮುಖದ ಫೋಟೋ ತೆಗೆದು, 'ಇವತ್ತಿನ ಆಫೀಸು' ಎಂದು ಬರೆದು ಫೋನಿನಲ್ಲಿ ಹಾಕುತ್ತಿದ್ದ. ಅದಕ್ಕೇ ಕೇರಿಯಲ್ಲಿ ಅವನಿಗೆ ಆಫೀಸರ್ ಅಂತಲೇ ಹೆಸರು. 'ಏನ್ ಆಫೀಸರ್ ಸಾಹೇಬ್ರೇ, ಇವತ್ತು ಫ್ಯಾನ್ ಇತ್ತಾ?' ಅಂದರೆ, 'ಫ್ಯಾನ್ ಏನು, ಸ್ವಿಮ್ಮಿಂಗ್ ಪೂಲೇ ಇತ್ತು' ಅನ್ನುತ್ತಿದ್ದ.

ಪೋಸ್ಟಿನ ಕೆಳಗೆ ಜಾಗದ ಹೆಸರು ಹಾಕುವ ಚಾಳಿಯನ್ನು ಅವನಿಗೆ ಕಲಿಸಿದವಳು ನಾನು. ಅವನಿಗಷ್ಟೇ ಅಲ್ಲ, ಇಡೀ ಕೇರಿಗೆ. ನಕ್ಷೆಯಲ್ಲಿ ನಮ್ಮ ಕೇರಿ ಇಲ್ಲ. ಇರಬೇಕಾದ ಕಡೆ ಬೂದು ಬಣ್ಣವಿದೆ. ಕೇರಿಯ ಹೆಸರು ಟೈಪು ಮಾಡಿದರೆ ಫೋನು 'ಇಂಥ ಜಾಗವಿಲ್ಲ' ಅನ್ನುತ್ತದೆ. ಆಮೇಲೆ ತಾನಾಗಿಯೇ ಪಕ್ಕದ ಗೇಟಿನ ಹೆಸರು ತೋರಿಸುತ್ತದೆ. ನನಗಾಗ ಹದಿನಾರು. 'ಅದನ್ನೇ ಒತ್ತಿ, ನಾವೂ ಗೇಟಿನವರೇ' ಅಂದೆ. ಎಲ್ಲರೂ ನಕ್ಕು ಒತ್ತಿದರು. ಮಗುವಿನ ಫೋಟೋಕ್ಕೆ ಗೇಟು, ಮದುವೆಯ ಫೋಟೋಕ್ಕೆ ಗೇಟು. ಮಾವ ಊರಿನ ಆ ತುದಿಯಲ್ಲಿ ಇಳಿದರೂ ಗೇಟಿನ ಹೆಸರನ್ನೇ ಹಾಕುತ್ತಿದ್ದ. ಕೆಲಸದ ಅರ್ಜಿಯಲ್ಲಿ ನಾನೂ ಅದೇ ವಿಳಾಸ ಬರೆದೆ. ಕೆಲಸ ಸಿಕ್ಕಿತು.

ಗುರುವಾರ ಗೇಟಿನ ಮ್ಯಾನೇಜರ್ ಮನೆಗೆ ಬಂದ. ಹೊಸಿಲಾಚೆಯೇ ನಿಂತ. ಅತ್ತೆ ನೀರು ಕೊಡಲು ಹೋದಳು.

'ಬೇಡಮ್ಮ, ಈಗಷ್ಟೇ ಕುಡಿದು ಬಂದೆ' ಅಂದ.

ಕೇರಿಗೆ ಬರುವ ದೊಡ್ಡವರೆಲ್ಲ ಈಗಷ್ಟೇ ಕುಡಿದು ಬಂದವರೇ. ಇಲ್ಲಿ ಅವರಲ್ಲಿ ಒಬ್ಬರಿಗಾದರೂ ಬಾಯಾರಿದ್ದನ್ನು ನಾನು ಕಂಡಿಲ್ಲ.

ಅವನ ಕೈಯಲ್ಲಿ ಒಂದು ಹಾಳೆಯಿತ್ತು. ನಾನು ಇಸಿದುಕೊಂಡು ಓದಿದೆ. ಮೃತನು ಮಂಗಳವಾರ ಗೇಟಿನೊಳಗೆ ಬಂದಿರಲಿಲ್ಲ. ಕುಡಿದ ಅಮಲಿನಲ್ಲಿ ಕಾಲುವೆಗೆ ಬಿದ್ದು ಸತ್ತಿರುತ್ತಾನೆ. ಕುಟುಂಬದವರಿಗೆ ಯಾರ ಮೇಲೂ ದೂರು ಇರುವುದಿಲ್ಲ. ಕೆಳಗೆ ಅತ್ತೆಯ ಹೆಬ್ಬೆಟ್ಟಿಗೆ ಒಂದು ಚೌಕ.

'ಶನಿವಾರದೊಳಗೆ ಒತ್ತಿ ಕೊಡಿ' ಎಂದ ಮ್ಯಾನೇಜರ್. 'ನಿಮ್ಮ ಮೆಟ್ಟಿಲ ಕೆಲಸ ನಿಮಗೇ ಇರುತ್ತೆ. ನಾನು ಮಾತಾಡಿದ್ದೀನಿ.'

'ಅವರು ನಿಮ್ಮಲ್ಲಿಗೇ ಬಂದಿದ್ರು ಸಾರ್' ಎಂದಳು ಅತ್ತೆ. 'ಫೋನಲ್ಲಿ ಹಾಕಿದ್ದಾರಲ್ಲ, ಫೋಟೋ. ಕೆಳಗೆ ನಿಮ್ಮ ಹೆಸರೇ ಇದೆ.'

ಅವನು ಆ ಮಾತಿಗಾಗಿಯೇ ಕಾದಿದ್ದವನಂತೆ ಫೋನು ತೆಗೆದ. 'ಇಲ್ಲಿ ನೋಡಮ್ಮ. ನಿನ್ನ ಗಂಡಂದು ಇನ್ನೂರ ಹನ್ನೆರಡು ಫೋಟೋ ಇದೆ. ಇನ್ನೂರ ಹನ್ನೆರಡಕ್ಕೂ ನಮ್ಮ ಹೆಸರೇ. ಅಷ್ಟು ಸಲ ಬಂದಿದ್ನಾ? ನಮ್ಮಲ್ಲಿರೋದೇ ಒಂಬತ್ತು ಗುಂಡಿ. ನಿಮ್ಮ ಕೇರಿಯೋರು ಹೆತ್ತರೂ ನಮ್ಮ ಹೆಸರು, ಸತ್ತರೂ ನಮ್ಮ ಹೆಸರು. ಯಾರು ನಂಬ್ತಾರೆ ಇದನ್ನ?'

ಫೋಟೋದಲ್ಲಿ ಮಾವನ ಮುಖವೇ ಪರದೆ ತುಂಬ ಇತ್ತು. ಹಿಂದೆ ಒಂದು ಚೂರು ಗೋಡೆ. ಯಾವ ಗೋಡೆಯೂ ಆಗಬಹುದಿತ್ತು.

ಅತ್ತೆ ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆಗಲೇ ನನಗೆ ಹೊಳೆದದ್ದು. ಹೆಸರನ್ನು ಮಾವ ಆರಿಸಿದ್ದ. ಆದರೆ ನಕ್ಷೆಯ ಮೇಲಿನ ಬಿಂದುವನ್ನು ಅವನು ಆರಿಸಿರಲಿಲ್ಲ, ಫೋನು ಕೊಟ್ಟಿತ್ತು.

ನನ್ನ ಕೆಲಸವೇ ಅದು. ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಹದಿನಾಲ್ಕು ಹುಡುಗಿಯರು ಕೂತು ಜನರ ಪೋಸ್ಟುಗಳನ್ನು ಬಾಚುತ್ತೇವೆ. ಎಪಿಐ ಅನ್ನುವುದು ಒಂದು ಕಿಂಡಿ. ಪ್ರೋಗ್ರಾಮಿನಲ್ಲಿ ಚೀಟಿ ಬರೆದು ಕಿಂಡಿಯೊಳಗೆ ಹಾಕಬೇಕು: ಇದು ನಡುವಿನ ಬಿಂದು, ಸುತ್ತ ಒಂದು ಕಿಲೋಮೀಟರು, ಈ ವಾರ ಈ ವೃತ್ತದೊಳಗೆ ಯಾರು ಏನಂದರು, ಕೊಡು. ಕಿಂಡಿ ಸಾಲು ಸಾಲಾಗಿ ಉಗುಳುತ್ತದೆ. ಬಹಳ ಸಲ ಕೇಳಿದರೆ, ಸಾಕು, ಹದಿನೈದು ನಿಮಿಷ ಬಿಟ್ಟು ಬಾ ಅನ್ನುತ್ತದೆ. ಅಜ್ಜಿಯ ಕಥೆಯಲ್ಲೊಬ್ಬ ಮಂತ್ರವಾದಿ ಊರಿನ ಸುತ್ತ ಗೆರೆ ಎಳೆದು, ಒಳಗಿನವರ ಮಾತನ್ನೆಲ್ಲ ಮಡಕೆಯಲ್ಲಿ ತುಂಬಿಕೊಳ್ಳುತ್ತಿದ್ದ. ಕೆಲಸಕ್ಕೆ ಸೇರಿದ ದಿನ ಅದೇ ನೆನಪಾಗಿ ನಗು ಬಂದಿತ್ತು. ಹೋಟೆಲು, ಆಸ್ಪತ್ರೆ, ಬಡಾವಣೆ ಕಟ್ಟುವವರು ಮಡಕೆ ಕೊಳ್ಳುತ್ತಾರೆ. ತಮ್ಮ ಬಗ್ಗೆ ಯಾರು ಒಳ್ಳೆಯದಂದರು, ಯಾರು ಕೆಟ್ಟದ್ದಂದರು ಅಂತ ಅವರಿಗೆ ಬೇಕು. ಗೇಟಿನವರೂ ಕೊಳ್ಳುತ್ತಾರೆ. ಅವರ ಮಡಕೆ ತುಂಬಿಸುವವಳು ನಾನು.

ಪ್ರತಿ ಸಾಲಿನಲ್ಲಿ ಎರಡು ಗುರುತು ಬರುತ್ತವೆ. ಒಂದು, ಬರೆದವರು ಆರಿಸಿದ ಜಾಗದ ಹೆಸರು. ಇನ್ನೊಂದು, ಫೋನು ನಿಂತಿದ್ದ ನಿಜವಾದ ಬಿಂದು, ಅಕ್ಷಾಂಶ ರೇಖಾಂಶದ ಅಂಕಿಗಳಲ್ಲಿ. ಈ ಎರಡನೆಯದು ಎಲ್ಲರದ್ದೂ ಬರುವುದಿಲ್ಲ, ಫೋನಿನಲ್ಲಿ ಅದನ್ನು ಬಿಚ್ಚಿಟ್ಟವರದ್ದು ಮಾತ್ರ. ಮಾವನ ಫೋನಿನಲ್ಲಿ ಬಿಚ್ಚಿಟ್ಟವಳು ನಾನೇ. ದಿನಾ ಬೆಳಗ್ಗೆ ಅಜ್ಜಿ, 'ಇವತ್ತು ಎಲ್ಲಿ ಇಳಿದಿದ್ದಾನೆ ನೋಡೇ' ಅನ್ನುತ್ತಿದ್ದಳು. ನಾನು ಆಫೀಸಿನಲ್ಲಿ ಕದ್ದು ಒಂದು ಚೀಟಿ ಹಾಕಿ ನೋಡುತ್ತಿದ್ದೆ. ಕೆಳಗಿನ ಅಂಗಡಿಯಿಂದ ಮನೆಗೆ ಫೋನು ಮಾಡಿ ಹೇಳುತ್ತಿದ್ದೆ.

ಸೋಮವಾರ ಮೇಲ್ವಿಚಾರಕ ಹಿಡಿದಿದ್ದ. ಅವನಿಗೆ ನಾವಿಟ್ಟ ಹೆಸರು ಪ್ಲೀಸ್ ಸಾರ್. ಬೈಯುವುದಕ್ಕೂ ಮೊದಲು ಪ್ಲೀಸ್ ಅನ್ನುತ್ತಾನೆ. 'ಪ್ಲೀಸ್, ಮನೆ ಕೆಲಸಕ್ಕೆ ಕಂಪನಿ ಕಿಂಡಿ ಬಳಸಬೇಡಿ' ಅಂದಿದ್ದ.

ಮಂಗಳವಾರ ನಾನು ನೋಡಲಿಲ್ಲ.

ಶುಕ್ರವಾರ ಒಂಬತ್ತೂವರೆಗೆ ಕುರ್ಚಿಯಲ್ಲಿದ್ದೆ. ಗೇಟಿನ ವೃತ್ತ ಎಳೆದು ಚೀಟಿ ಹಾಕಿದೆ. ಈಜುಕೊಳದ ಫೋಟೋಗಳು ಬಂದವು, ನಾಯಿಮರಿಯ ಹುಟ್ಟುಹಬ್ಬ ಬಂತು, ಲಿಫ್ಟು ಕೆಟ್ಟಿದೆ ಅನ್ನುವ ಸಿಟ್ಟು ಬಂತು. ಎಂಬತ್ತೇಳನೆಯ ಸಾಲು ಮಾವ. ಮಂಗಳವಾರ, ಹತ್ತು ಗಂಟೆ ಹನ್ನೆರಡು ನಿಮಿಷ. ಇವತ್ತಿನ ಆಫೀಸು. ಹೆಸರು ಗೇಟಿನದು. ಪಕ್ಕದಲ್ಲಿ ಬಿಂದು.

ಬಿಂದುವನ್ನು ನಕ್ಷೆಯ ಮೇಲೆ ಬಿಟ್ಟೆ. ಕಾಲುವೆಯ ಮೇಲೆ ಬೀಳಲಿಲ್ಲ, ಕೇರಿಯ ಬೂದು ಬಣ್ಣದ ಮೇಲೂ ಬೀಳಲಿಲ್ಲ. ಗೋಡೆಯೊಳಗೆ ಬಿತ್ತು, ಎರಡನೇ ಕಟ್ಟಡದ ಪಂಪುಮನೆಯ ಹಿಂದೆ.

ಅವನು ಅಲ್ಲಿ ನಿಂತಿದ್ದ. ಹಲ್ಲು ಬಿಟ್ಟು ನಿಂತಿದ್ದ.

ಹನ್ನೊಂದಕ್ಕೆ ಪ್ಲೀಸ್ ಸಾರ್ ಬಂದ. 'ಪ್ಲೀಸ್, ಗೇಟಿನವರ ಫೈಲು ತೆಗೀರಿ. ಒಂದು ಸಾಲು ಅಳಿಸಬೇಕು. ಎಂಬತ್ತೇಳು.'

'ಯಾಕೆ ಸಾರ್?'

'ಸುಳ್ಳು ಲೊಕೇಶನ್ ಅಂತ ಕ್ಲೈಂಟು ದೂರು ಕೊಟ್ಟಿದ್ರು. ಮೂಲ ಪೋಸ್ಟನ್ನ ಆ್ಯಪಿನವರು ಈಗ ತೆಗೆದುಹಾಕಿದ್ದಾರೆ. ಮೂಲ ಹೋದ್ರೆ ನಮ್ಮ ಪ್ರತೀನೂ ಹೋಗಬೇಕು. ರೂಲು ಗೊತ್ತಲ್ಲ ನಿಮಗೆ.'

ರೂಲು ಗೊತ್ತಿತ್ತು. ಸಾವಿರ ಸಲ ಅಳಿಸಿದ್ದೆ. ಜನ ನಾಚಿಕೊಂಡು ತೆಗೆದ ಫೋಟೋ, ಜಗಳದಲ್ಲಿ ಬರೆದು ಬೆಳಗ್ಗೆ ಅಳಿಸಿದ ಮಾತು. ಅದು ಒಳ್ಳೆಯ ರೂಲು. ಆದರೆ ಇದನ್ನು ಬರೆದವನು ತೆಗೆದಿರಲಿಲ್ಲ.

'ಲೊಕೇಶನ್ ಸುಳ್ಳಲ್ಲ ಸಾರ್. ಬಿಂದು ನೋಡಿ. ಒಳಗೇ ಇದೆ.'

'ಅದು ನಮಗ್ಯಾಕೆ? ಪ್ಲೀಸ್, ಒತ್ತಿ.'

'ಇವನು ನನ್ನ ಮಾವ.'

ಅವನ ಕೈ ನನ್ನ ಕೀಲಿಮಣೆಯ ಅಂಚಿನಲ್ಲಿತ್ತು. ಮೆಲ್ಲಗೆ ಎತ್ತಿಕೊಂಡ. 'ನಿಮ್ಮ ಅಡ್ರೆಸ್ಸು ಗೇಟು ಅಂತ ಇದೆಯಲ್ಲ?'

'ಗೇಟಿನ ಹಿಂದೆ.'

'ಅಂದ್ರೆ... ಆ ಕೇರಿನಾ?'

ಹದಿಮೂರು ಕುರ್ಚಿಗಳು ನಮ್ಮ ಕಡೆ ತಿರುಗಿದವು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬೇಕೆಂದು ಮಾಡಲಿಲ್ಲ, ಕೈ ತಾನೇ ಹೋಯಿತು. ಎರಡು ವರ್ಷ ನನ್ನ ಡಬ್ಬಿಯಿಂದ ತಿಂದವನು.

'ನೋಡಿ' ಎಂದ. ದನಿ ಇನ್ನೂ ಮೆತ್ತಗಾಯಿತು. 'ಬೇಜಾರಾಗಿರುತ್ತೆ, ಅರ್ಥ ಆಗುತ್ತೆ. ಒಂದೇ ಸಾಲು. ಒತ್ತಿಬಿಡಿ, ಅಡ್ರೆಸ್ಸಿನ ವಿಷಯ ನಾನು ಕೇಳೇ ಇಲ್ಲ ಅಂದುಕೊಳ್ತೀನಿ. ಪ್ಲೀಸ್.'

'ಒತ್ತಲ್ಲ.'

'ನೀವು ಒತ್ತದಿದ್ರೆ ನಾನು ಒತ್ತುತ್ತೀನಿ. ಅಷ್ಟೇ ವ್ಯತ್ಯಾಸ.'

'ಹಾಗಾದ್ರೆ ನೀವೇ ಒತ್ತಿ ಸಾರ್. ಬೆರಳು ನಿಮ್ಮದಾಗಲಿ.'

ಅವನು ಕೂಡಲೇ ಒತ್ತಲಿಲ್ಲ. ಯಾರಿಗೋ ಫೋನು ಮಾಡಲು ಹೊರಗೆ ಹೋದ. ನನಗೆ ಸಿಕ್ಕಿದ್ದು ಅಷ್ಟು ಹೊತ್ತು.

ನಮ್ಮ ಮಹಡಿಯಲ್ಲಿ ಫೋನು ಇಲ್ಲ, ಪೆನ್ನು ಇಲ್ಲ, ಚೂರು ಕಾಗದವಿಲ್ಲ. ಬಾಗಿಲಲ್ಲಿ ಚೀಲ ತಡಕುತ್ತಾರೆ, ಅಂಗೈ ತಿರುವಿ ನೋಡುತ್ತಾರೆ. ತಲೆಯಲ್ಲಿ ಹೊತ್ತುಕೊಂಡು ಹೋಗಬೇಕು. ಅಂಕಿ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಅದಕ್ಕೇ ಪೆಟ್ಟು ತಿಂದವಳು. ನಿಲ್ಲುವುದು ಕಥೆ ಮಾತ್ರ.

ಮೊದಲ ಅಂಕಿಗಳು ಇಡೀ ಊರಿಗೆ ಒಂದೇ, ಅವು ಬಾಯಿಗೆ ಬರುತ್ತವೆ. ದಶಮಾಂಶ ಚುಕ್ಕಿಯ ಆಚೆಗಿನ ಐದೈದು ಅಂಕಿ ಬೇಕು. ಮೂರನೆಯದು ಬೀದಿ, ನಾಲ್ಕನೆಯದು ಮನೆ, ಐದನೆಯದು ಬಾಗಿಲು. ಪರದೆ ನೋಡುತ್ತ ತುಟಿ ಅಲ್ಲಾಡಿಸದೆ ಹೇಳಿಕೊಂಡೆ:

ಏಳು ಜನ ಅಣ್ಣಂದಿರಿಗೆ ಒಬ್ಬಳೇ ತಂಗಿ. ನಾಲ್ಕು ಬಾಗಿಲ ಕೋಟೆ. ಕೋಟೆಯ ನಡುವೆ ಬಾವಿ, ಬಾವಿಯಲ್ಲಿ ಸೊನ್ನೆ. ಬಾವಿಯ ಬಾಯಲ್ಲಿ ನಿಂತು ಮೂರು ಸಲ ಕರೆದಳು.

ಎರಡು ಗಿಣಿ ಬಂದವು. ಎಂಟು ದಿಕ್ಕು ಹುಡುಕಿದವು. ಆರು ಬೀಗ ಮುರಿದವು. ಬಾವಿಯಿಂದ ಐದು ಬೆರಳು ಮೇಲೆ ಬಂತು. ಒಂಬತ್ತು ತಿಂಗಳು ಹೊತ್ತವಳು ಗುರುತು ಹಿಡಿದಳು.

ಪ್ಲೀಸ್ ಸಾರ್ ಒಳಗೆ ಬಂದ. ನನ್ನ ಕುರ್ಚಿಯನ್ನು ಕಾಲಿನಿಂದ ಸರಿಸಿ, ನಿಂತೇ ಒತ್ತಿದ. ಎಂಬತ್ತಾರರ ಕೆಳಗೆ ಎಂಬತ್ತೆಂಟು ಬಂದು ಕೂತಿತು. ನಡುವೆ ಯಾರೂ ಇರಲಿಲ್ಲವೇನೋ ಅನ್ನುವಂತೆ.

'ನಾಳೆಯಿಂದ ಬರೋದು ಬೇಡ' ಅಂದ. ಮೊದಲ ಸಲ ಪ್ಲೀಸ್ ಅನ್ನಲಿಲ್ಲ.

ಬಾಗಿಲಲ್ಲಿ ಚೀಲ ತಡಕಿದರು. ಖಾಲಿ ಡಬ್ಬಿ, ಬಾಚಣಿಗೆ. ಅಂಗೈ ತಿರುವಿ ನೋಡಿದರು. ಬರೀ ಬೆವರು.

ದಾರಿಯುದ್ದಕ್ಕೂ ಯಾರ ಜೊತೆಗೂ ಮಾತಾಡಲಿಲ್ಲ. ಬಾಯಿ ಬಿಟ್ಟರೆ ಗಿಣಿ ಹಾರಿಹೋಗುತ್ತದೆ ಅನ್ನುವ ಭಯ. ಮನೆಗೆ ಬಂದವಳೇ ಅಜ್ಜಿಯ ಮುಂದೆ ಕೂತು ಕಥೆ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ನಾನು ಅವಳಿಗೆ ಕಥೆ ಹೇಳಿದ್ದು. ಅಜ್ಜಿ ಹೂಂಗುಟ್ಟಿದಳು. ಮುಗಿದ ಮೇಲೆ ಅದನ್ನೇ ತಿರುಗಿ ಹೇಳಿದಳು. ಒಂದು ಮಾತೂ ತಪ್ಪಲಿಲ್ಲ.

'ಒಂಬತ್ತು ತಿಂಗಳು ಹೊತ್ತವಳು ಅಂದೆಯಲ್ಲ. ಅದು ನಾನಾ?'

'ಹೂಂ.'

'ಬಾವಿ?'

ಅಂಕಿಗಳನ್ನು ಫೋನಿನಲ್ಲಿ ಒತ್ತಿದೆ. ಚುಕ್ಕಿ ಪಂಪುಮನೆಯ ಹಿಂದೆ ಬಿತ್ತು. ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

'ಇಷ್ಟೇನಾ? ಸಾಸಿವೆ ಕಾಳಷ್ಟು' ಎಂದಳು.

ಅತ್ತೆ ಮೂಲೆಯಲ್ಲಿದ್ದಳು. ಹಾಳೆ ಅವಳ ಮಡಿಲಲ್ಲಿತ್ತು. 'ಆ ಸಾಲು ಅಳಿಸಿಬಿಟ್ರು ಅಂತೀಯ. ಈಗ ಇದನ್ನ ನೀನು ಹೇಳಿದೆ ಅಂತ ಯಾರು ನಂಬ್ತಾರೆ?' ಎಂದಳು. 'ಮ್ಯಾನೇಜರ್ ನಗ್ತಾನೆ. ಇರೋ ಕೆಲಸಾನೂ ಹೋಗುತ್ತೆ.'

'ನಗಲಿ' ಎಂದಳು ಅಜ್ಜಿ. 'ನೀನು ಹೆಬ್ಬೆಟ್ಟು ಒತ್ತಿದ್ರೆ ಅವನು ಕುಡಿದು ಸತ್ತ ಹಾಗೆ. ನಾಳೆ ಇನ್ನೊಬ್ಬನ್ನ ಇಳಿಸ್ತಾರೆ. ಅವನೂ ಕುಡಿದೇ ಸಾಯ್ತಾನೆ.'

ಅತ್ತೆ ಹಾಳೆಯನ್ನು ನಾಲ್ಕಾಗಿ ಮಡಚಿ, ಕಾಲು ಅಲ್ಲಾಡುತ್ತಿದ್ದ ಸ್ಟೂಲಿನ ಕೆಳಗೆ ತುರುಕಿದಳು. ಸ್ಟೂಲು ನೆಟ್ಟಗಾಯಿತು.

ನಾಲ್ಕು ಗಂಟೆಗೆ ಗುಡಿಸುವವರ ಪಾಳಿ ಬದಲಾಗುತ್ತದೆ. ಕೇರಿಯ ಹೆಂಗಸರು ಕಾರ್ಡು ಕುತ್ತಿಗೆಗೆ ಹಾಕಿಕೊಂಡು ಹಿಂಬಾಗಿಲಿಗೆ ಹೊರಟರು. ಅತ್ತೆ ಒಬ್ಬೊಬ್ಬರ ಕಿವಿಯಲ್ಲೂ ಹೇಳಿದ್ದಳು. ಪಾಳಿ ಮುಗಿಸಿದವರೂ ಮನೆಗೆ ಹೋಗದೆ ನಿಂತಿದ್ದರು. ಅಜ್ಜಿ ನನ್ನ ಹೆಗಲು ಹಿಡಿದು ಮುಂದೆ ನಡೆದಳು. ನಾನು ಫೋನು ನೋಡುತ್ತ ನಡೆದೆ.

ಕಾವಲಿನವನು ನಮ್ಮ ಪಕ್ಕದ ಓಣಿಯವನು. ಅಡ್ಡ ನಿಂತ. 'ಅಜ್ಜಿ, ನಿಮ್ಮ ಹತ್ರ ಕಾರ್ಡಿಲ್ಲ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಎಲ್ಲಿಗೆ ಹೋಗ್ಬೇಕು ನೀವು?'

ಅಜ್ಜಿ ಅವನಿಗೆ ಕಥೆ ಹೇಳಿದಳು. ಏಳು ಅಣ್ಣಂದಿರು, ಒಬ್ಬ ತಂಗಿ, ಕೋಟೆ, ಬಾವಿ. ನಿಂತಲ್ಲೇ, ಪೂರ್ತಿ. ಅವನಿಗೆ ಏನು ಅರ್ಥವಾಯಿತೋ. ಮಂಗಳವಾರವೂ ಅವನೇ ಬಾಗಿಲಲ್ಲಿದ್ದ. ಹಿಂಬಾಗಿಲಿನಿಂದ ಏನು ಹೊರಗೆ ಹೋಯಿತೆಂದು ನೋಡಿದ್ದ.

'ನನ್ನ ಶೂ ಲೇಸು ಬಿಚ್ಚಿಹೋಗಿದೆ' ಅಂದ. ಬಗ್ಗಿ ಕಟ್ಟತೊಡಗಿದ. ಲೇಸಿಲ್ಲದ ಶೂ ಅದು. ಕೊನೆಯವಳು ಒಳಗೆ ಹೋಗುವ ತನಕ ಕಟ್ಟಿದ.

ಪಂಪುಮನೆಯ ಹಿಂದೆ ನೆಲದಲ್ಲೊಂದು ಮುಚ್ಚಳ. ಸುತ್ತ ಹೊಸ ಸಿಮೆಂಟು, ಇನ್ನೂ ಕಪ್ಪಗೆ ಹಸಿ. ಗೋಡೆಯ ಮೇಲೆ ಸುತ್ತಿಟ್ಟ ನೀರಿನ ಪೈಪು. ಪೈಪಿನ ಬುಡದಲ್ಲಿ ಅರ್ಧ ಕರಗಿದ ಸೋಪಿನ ತುಂಡು. ಅಜ್ಜಿ ಅದನ್ನು ಹೆಕ್ಕಿ ಮೂಸಿದಳು. ಏನೂ ಹೇಳದೆ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ನನ್ನ ಫೋನಿನ ಚುಕ್ಕಿ, ಕಥೆಯ ಚುಕ್ಕಿ, ಎರಡೂ ಒಂದರ ಮೇಲೊಂದು ಕೂತವು.

ಮ್ಯಾನೇಜರ್ ಓಡುತ್ತ ಬಂದ. 'ಯಾರು ಬಿಟ್ಟಿದ್ದು ಇವರನ್ನ? ಇದು ಪ್ರೈವೇಟ್ ಜಾಗ! ಏನು ಸಾಕ್ಷಿ ಇದೆ ನಿಮ್ಮ ಹತ್ರ? ಎಲ್ಲರ ಕಾರ್ಡು ಕಿತ್ಕೋತೀನಿ!'

'ಕಿತ್ಕೊಳ್ಳಿ' ಎಂದಳು ಅತ್ತೆ. ತನ್ನ ಕಾರ್ಡನ್ನು ತೆಗೆದು ಮುಚ್ಚಳದ ಮೇಲಿಟ್ಟಳು. 'ನಾಳೆಯಿಂದ ಮೆಟ್ಟಿಲು ನೀವೇ ಗುಡಿಸಿ. ಗುಂಡೀಗೂ ನೀವೇ ಇಳೀರಿ. ನಾನು ಮೇಲಿಂದ ಹಗ್ಗ ಹಿಡೀತೀನಿ. ನನ್ನ ಗಂಡನಿಗೆ ಹಿಡಿಯೋಕೂ ಯಾರೂ ಇರ್ಲಿಲ್ಲ.'

ನಾನು ಹೆಂಗಸರ ಕಡೆ ತಿರುಗಿದೆ.

'ಎಲ್ಲರೂ ಫೋನು ತೆಗೀರಿ' ಅಂದೆ. 'ಫೋಟೋ ತೆಗೆದುಕೊಳ್ಳಿ. ಜಾಗದ ಹೆಸರು ಹಾಕ್ಬೇಡಿ. ಗೇಟು ಅಂತ ಒತ್ತಬೇಡಿ. ನಾನು ಅವತ್ತು ಹೇಳಿದ್ದು ತಪ್ಪು. ಬಿಂದು ಮಾತ್ರ ಬಿಚ್ಚಿಡಿ.'

ಒಬ್ಬೊಬ್ಬರ ಫೋನನ್ನೂ ಇಸಿದುಕೊಂಡು ಬಿಚ್ಚಿಟ್ಟೆ. ಪಾಯಿಖಾನೆ ತಿಕ್ಕುವವಳು, ಕಿಟಕಿ ಒರೆಸುವವಳು, ನಾಯಿಗಳನ್ನು ಅಡ್ಡಾಡಿಸುವವಳು. ನಲವತ್ತಮೂರು ಮುಖ, ಒಂದೇ ಮುಚ್ಚಳ. ಏನು ಬರೆಯಬೇಕೆಂದು ಯಾರೂ ನನ್ನನ್ನು ಕೇಳಲಿಲ್ಲ. ಬರೆಯಲು ಬಾರದವರಿಗೆ ಬಂದವರು ಬರೆದುಕೊಟ್ಟರು.

ಇವತ್ತಿನ ಆಫೀಸು.

ಸೋಮವಾರ ನನ್ನ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿರುತ್ತಾಳೆ. ಗೇಟಿನ ಸುತ್ತ ವೃತ್ತ ಎಳೆದು ಚೀಟಿ ಹಾಕುತ್ತಾಳೆ. ಕಿಂಡಿ ನಮ್ಮನ್ನೆಲ್ಲ ಉಗುಳುತ್ತದೆ. ಅಳಿಸು ಅನ್ನುತ್ತಾರೆ. ಅವಳು ಒತ್ತುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ನಲವತ್ತಮೂರು ಸಲ ಒತ್ತಬೇಕು. ಬೆರಳು ನೋಯುತ್ತದೆ.

ದೂರದಲ್ಲಿ ಯಾರೋ ಪೊಲೀಸರಿಗೆ ಫೋನು ಮಾಡುತ್ತಿದ್ದರು. 'ನಡೀರಿ, ನಡೀರಿ' ಅನ್ನುತ್ತಿದ್ದ ಮ್ಯಾನೇಜರ್. ಕೆಲವರು ಹಿಂದೆ ಸರಿದರು. ಮನೆಯಲ್ಲಿ ಮಕ್ಕಳಿದ್ದವರು.

ಅಜ್ಜಿ ಫೋಟೋಕ್ಕೆ ನಿಂತಿರಲಿಲ್ಲ. ಆ ಹಸಿ ಸಿಮೆಂಟಿನ ಮೇಲೆ, ಮುಚ್ಚಳಕ್ಕೆ ಅಂಗೈ ಊರಿಕೊಂಡು ಕೂತಿದ್ದಳು.

'ಏಳಜ್ಜಿ' ಅಂದೆ.

'ನೀವು ಹೋಗಿ' ಎಂದಳು. 'ನಾನು ಇಲ್ಲೇ ಇರ್ತೀನಿ. ಚುಕ್ಕಿ ಅಲ್ಲಾಡಬಾರದಲ್ಲ.'